ವೀಸಾ ಸಿಕ್ಕಿತು, ಕಾರು ಸಿಕ್ಕಿಬಿತ್ತು

ಹೊರದೇಶಕ್ಕೆ ಕೆಲಸಕ್ಕೆ ಹೋದವರ ಕಾಗದಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ವೀಸಾ, ವಾಸದ ಪರ್ಮಿಟ್, ಪಾಸ್‌ಪೋರ್ಟ್, ಮಕ್ಕಳ ದಾಖಲೆ, ಎಲ್ಲ ನನ್ನ ಮೇಜಿಗೇ ಬರುತ್ತವೆ. ನಾನೂ ಹೊರದೇಶದಲ್ಲೇ ಇರುವುದರಿಂದ ಆ ರಾಶಿಯಲ್ಲಿ ನನ್ನದೂ ಒಂದು ಫೈಲಿದೆ.

ಕೆಲಸಕ್ಕೆ ಸೇರಿದ ಎರಡನೇ ವರ್ಷದ ಮಾತು. ಒಂದು ಶುಕ್ರವಾರ ಸಂಜೆ ಸಹೋದ್ಯೋಗಿಯೊಬ್ಬರು ಗಡಿಯಿಂದ ಫೋನ್ ಮಾಡಿದರು. “ಮೇಡಂ, ನಂದು ಸರಿ ಇದೆಯಂತೆ. ಕಾರಿಂದು ಮುಗಿದುಹೋಗಿದೆಯಂತೆ. ಬಿಡ್ತಾ ಇಲ್ಲ.”

ಎರಡು ತಿಂಗಳ ಹಿಂದಷ್ಟೇ ಅವರ ವಾಸದ ಪರ್ಮಿಟ್ ನವೀಕರಣವಾಗಿತ್ತು. ಒಂದೂ ಆಕ್ಷೇಪಣೆ ಬರದೆ ಮೊದಲ ಸಲಕ್ಕೇ ಮುಗಿದಿದ್ದ ಫೈಲು ಅದು. ಸ್ವಲ್ಪ ಬೀಗಿಯೂ ಇದ್ದೆ. ಆದರೆ ಅವರು ಹಿಂದಿನ ಪೋಸ್ಟಿಂಗ್‌ನಿಂದ ತಮ್ಮ ಕಾರನ್ನು ಜೊತೆಗೇ ತಂದಿದ್ದರು, ಹಳೇ ದೇಶದ ನಂಬರ್ ಪ್ಲೇಟ್ ಸಮೇತ. ಅದರ ಪರ್ಮಿಟ್ ಮುಗಿದು 23 ದಿನ ಆಗಿತ್ತು. ಅದು ನನ್ನ ಪಟ್ಟಿಯಲ್ಲೇ ಇರಲಿಲ್ಲ. ಕಾರು ಅವರ ಸ್ವಂತದ್ದು, ಆಫೀಸಿಗೆ ಸಂಬಂಧ ಇಲ್ಲ ಅಂತ ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಸಾಮಾನೆಲ್ಲ ಇಳಿಸಿಕೊಂಡು ಅವರೂ ಹೆಂಡತಿ ಮಕ್ಕಳೂ ಬಸ್ಸು ಹತ್ತಿದರು. ಕಾರು ಅಲ್ಲೇ ಉಳಿಯಿತು. ಬಿಡಿಸಿಕೊಳ್ಳಲು ಆರು ವಾರ ಬೇಕಾಯಿತು, ದಂಡ ಬೇರೆ.

ಮನುಷ್ಯ ಇಮಿಗ್ರೇಶನ್ ಇಲಾಖೆಯ ಲೆಕ್ಕ, ಕಾರು ಕಸ್ಟಮ್ಸ್ ಲೆಕ್ಕ. ಎರಡೂ ಕೌಂಟರ್ ಒಂದೇ ಕಟ್ಟಡದಲ್ಲಿ ಅಕ್ಕಪಕ್ಕ ಇರಬಹುದು. ಹಾಗಂತ ಒಬ್ಬರ ಕೆಲಸ ಇನ್ನೊಬ್ಬರ ಕಂಪ್ಯೂಟರಿಗೆ ತಾನಾಗೇ ಹೋಗುತ್ತದೆ ಅಂದುಕೊಂಡರೆ ಕೆಟ್ಟೆವು. ಹೊರಗಿನ ಕಾರನ್ನು ಸುಂಕ ಕಟ್ಟಿಸಿಕೊಳ್ಳದೆ ಒಳಗೆ ಬಿಡುವುದು ‘ಮತ್ತೆ ವಾಪಸ್ ತೆಗೆದುಕೊಂಡು ಹೋಗ್ತೀನಿ’ ಅನ್ನುವ ಮಾತಿನ ಮೇಲೆ. ಇದಕ್ಕೆ ತಾತ್ಕಾಲಿಕ ಆಮದು ಅಂತಾರೆ. ಕಾರಿನ ಪರ್ಮಿಟ್ ಅಂದರೆ ಇದಕ್ಕೆ ಗಡುವು ಹಾಕಿ ಕೊಟ್ಟ ಕಾಗದ. ಖಾಸಗಿ ವಾಹನಗಳಿಗಾಗಿ 1954ರಲ್ಲಿ ನ್ಯೂಯಾರ್ಕ್‌ನಲ್ಲಿ ಆದ ಒಪ್ಪಂದ, 1990ರ ಇಸ್ತಾಂಬುಲ್ ಒಪ್ಪಂದ, ಎರಡರ ತಿರುಳೂ ಇದೇ. ಕಸ್ಟಮ್ಸ್‌ನವರ ಕಣ್ಣಿಗೆ ಅವಧಿ ಮೀರಿದ ಕಾರು ಅಂದರೆ ಸುಂಕ ತಪ್ಪಿಸಿಕೊಂಡ ಸರಕು. ನಾವು ಊರು ನೋಡಲು ಹೊರಟಿದ್ದೆವು ಅಂದರೆ ಯಾರು ಕೇಳುತ್ತಾರೆ?

ಅದಾದ ಮೇಲೆ ನನ್ನ ಎಕ್ಸೆಲ್ ಶೀಟಿನಲ್ಲಿ ಕಾರಿಗೇ ಆರು ಕಾಲಂ ಬಂದವು: ಪರ್ಮಿಟ್ಟಿನ ಕೊನೇ ದಿನ, ಅದು ಯಾರ ಹೆಸರಿನಲ್ಲಿದೆ, ಅದರ ಮೇಲೆ ಯಾವ ಪಾಸ್‌ಪೋರ್ಟ್ ನಂಬರ್ ಇದೆ, ನೋಂದಣಿ, ವಿಮೆ, ಓಡಿಸುವವರ ಲೈಸೆನ್ಸ್. ಮೂರನೆಯದನ್ನು ನೋಡಿ ಎಲ್ಲರೂ ನಗುತ್ತಾರೆ. ಆದರೆ ನಡುವೆ ಪಾಸ್‌ಪೋರ್ಟ್ ಬದಲಾದರೆ ಕಾರಿನ ಕಾಗದದಲ್ಲಿ ಹಳೇ ನಂಬರ್ರೇ ಉಳಿದಿರುತ್ತದೆ. ಹಳೇ ಪಾಸ್‌ಪೋರ್ಟನ್ನು ಮನೆಯಲ್ಲಿ ಬಿಟ್ಟು ಗಡಿಗೆ ಹೋದವರು ಕಾರು ತಮ್ಮದೇ ಅಂತ ತೋರಿಸಲು ಪಟ್ಟ ಪಾಡು ನೋಡಿದ್ದೇನೆ. ರದ್ದಾದ ಪಾಸ್‌ಪೋರ್ಟನ್ನೂ ಕಾರಿನ ಕಾಗದದ ಜೊತೆಗೇ ಇಟ್ಟುಕೊಳ್ಳಿ ಅಂತ ಈಗ ಎಲ್ಲರಿಗೂ ಹೇಳುತ್ತೇನೆ.

ಇನ್ನು ದಿನದ ಲೆಕ್ಕ. ಎಲ್ಲಕ್ಕಿಂತ ಜಾಸ್ತಿ ಜನ ಎಡವುವುದು ಇಲ್ಲೇ. ‘ಆರು ತಿಂಗಳು’ ಬೇರೆ, ‘180 ದಿನ’ ಬೇರೆ. ಮಾರ್ಚ್ 1ಕ್ಕೆ ಒಳಗೆ ಬಂದಿರಿ ಅಂತಿಟ್ಟುಕೊಳ್ಳಿ. ಬಂದ ದಿನವನ್ನೂ ಸೇರಿಸಿ ಎಣಿಸಿದರೆ 180ನೇ ದಿನ ಆಗಸ್ಟ್ 27ಕ್ಕೇ ಮುಗಿಯುತ್ತದೆ. ಆಗಸ್ಟ್ ಕೊನೆಯವರೆಗೆ ಇದೆ ಅಂದುಕೊಂಡವರು ನಾಲ್ಕು ದಿನ ಅಕ್ರಮವಾಗಿ ಕಾರು ಓಡಿಸಿರುತ್ತಾರೆ. ಷೆಂಗೆನ್ ದೇಶಗಳಲ್ಲಿ, ಅಂದರೆ ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳಲ್ಲಿ, 180 ದಿನದಲ್ಲಿ 90 ದಿನ ಮಾತ್ರ ಇರಬಹುದು ಅನ್ನುವ ನಿಯಮ ಇದೆ. ಅಲ್ಲೂ ಬಂದ ದಿನ, ಹೋದ ದಿನ ಎರಡೂ ಲೆಕ್ಕಕ್ಕೆ ಬರುತ್ತವೆ. ಅಲ್ಲಿನ 180 ದಿನವನ್ನು ಪ್ರತಿ ದಿನವೂ ಹಿಂದಕ್ಕೆ ತಿರುಗಿ ಎಣಿಸಬೇಕು. ಹೊರಗೆ ಹೋಗಿ ಬಂದ ಕೂಡಲೇ ಸೊನ್ನೆಯಿಂದ ಶುರುವಾಗುವುದಿಲ್ಲ. ಜೊತೆಗೆ 03/04 ಅಂತ ಬರೆದ ತಾರೀಕು. ಕೆಲವು ಕಡೆ ಅದು ಏಪ್ರಿಲ್ 3, ಕೆಲವು ಕಡೆ ಮಾರ್ಚ್ 4. ನನ್ನ ಶೀಟಿನಲ್ಲಿ ತಿಂಗಳನ್ನು ಅಕ್ಷರದಲ್ಲೇ ಬರೆಯಬೇಕು. ಹಾಗೆ ಬರೆಯದಿದ್ದರೆ ವಾಪಸ್ ಕಳಿಸುತ್ತೇನೆ, ಬಾಸ್ ಆದರೂ ಸರಿ.

ವೀಸಾದ ಮೇಲಿನ ತಾರೀಕನ್ನೇ ನಂಬಿಕೊಂಡು ಕೂರುವುದೂ ತಪ್ಪು. ವೀಸಾ ಅನ್ನುವುದು ಬಾಗಿಲವರೆಗಿನ ಚೀಟಿ. ಒಳಗೆ ಎಷ್ಟು ದಿನ ಇರಬಹುದು ಅನ್ನುವುದು ಬೇರೆ. ಅಮೆರಿಕದಲ್ಲಂತೂ ಉಳಿಯುವ ಗಡುವನ್ನು ಹೇಳುವುದು ಒಳಗೆ ಬರುವಾಗ ಆಗುವ ಐ-94 ಅನ್ನುವ ದಾಖಲೆ. ಪಾಸ್‌ಪೋರ್ಟ್ ಬೇಗ ಮುಗಿಯುವಂತಿದ್ದರೆ ಆ ಗಡುವನ್ನೂ ಅಲ್ಲಿಗೇ ಮೊಟಕು ಮಾಡುವುದುಂಟು. ಹಾಗಾಗಿ ನವೀಕರಣದ ಮಾತು ಬಂದರೆ ಮೊದಲು ನಾನು ನೋಡುವುದು ಪಾಸ್‌ಪೋರ್ಟ್ ಮುಗಿಯುವ ದಿನ. ಅದು ಹತ್ತಿರ ಇದ್ದರೆ ಮೊದಲು ಅದು, ಆಮೇಲೆ ವೀಸಾ, ವೀಸಾದ ಬೆನ್ನಿಗೇ ಕಾರು.

ಅರ್ಜಿ ಹಾಕಿ ರಸೀದಿ ಇಟ್ಟುಕೊಂಡವರಿಗೆ ಇನ್ನೊಂದು ಗುಂಡಿ ಕಾದಿರುತ್ತದೆ. ಎಷ್ಟೋ ಕಡೆ ಗಡುವಿನೊಳಗೆ ಅರ್ಜಿ ಹಾಕಿದ್ದರೆ ತೀರ್ಮಾನ ಬರುವವರೆಗೆ ಇರಲು ಬಿಡುತ್ತಾರೆ. ಆದರೆ ನಡುವೆ ದೇಶ ಬಿಟ್ಟರೆ ಕಥೆ ಬೇರೆ. ಬ್ರಿಟನ್ನಿನ ಒಳಗಿಂದ ಅರ್ಜಿ ಹಾಕಿ, ಉತ್ತರ ಬರುವ ಮುಂಚೆ ರಜೆಗೆ ಅಂತ ಹೊರಗೆ ಹಾರಿದರೆ ಅರ್ಜಿ ವಾಪಸ್ ತೆಗೆದುಕೊಂಡ ಹಾಗೆ. ಅಲ್ಲದೆ ಆ ರಸೀದಿ ಮನುಷ್ಯನನ್ನು ಕಾಯುತ್ತದೆ, ಕಾರನ್ನಲ್ಲ. ಇಮಿಗ್ರೇಶನ್ ಕೊಟ್ಟ ರಸೀದಿಯನ್ನು ಕಸ್ಟಮ್ಸ್ ಕಿಟಕಿಯಲ್ಲಿ ಹಿಡಿದರೆ ‘ಇದನ್ನೇನು ಮಾಡಲಿ’ ಅನ್ನುವ ಹಾಗೆ ನೋಡುತ್ತಾರೆ. ಕಾರಿನ ಅವಧಿ ವಿಸ್ತರಿಸಲು ಬೇರೆ ಅರ್ಜಿ ಬೇಕಾ, ಯಾವಾಗ ಕೊಡಬೇಕು ಅನ್ನುವುದನ್ನು ವೀಸಾ ಅರ್ಜಿ ತುಂಬುವ ದಿನವೇ ಕೇಳಿ, ಉತ್ತರವನ್ನು ಇಮೇಲ್‌ನಲ್ಲೇ ತರಿಸಿಕೊಳ್ಳುತ್ತೇನೆ. ಫೋನಿನಲ್ಲಿ ಹೇಳಿದ ಮಾತು ಗಡಿಯಲ್ಲಿ ನಡೆಯಲ್ಲ.

ಹಲವು ದೇಶ ದಾಟುವವರು ಕಾರ್ನೆ ಮಾಡಿಸುತ್ತಾರೆ. ಅದನ್ನು ಕಾರಿನ ಪಾಸ್‌ಪೋರ್ಟ್ ಅನ್ನಬಹುದು. ಆಟೊಮೊಬೈಲ್ ಕ್ಲಬ್‌ಗಳು ಕೊಡುತ್ತವೆ, ಒಂದು ವರ್ಷ ನಡೆಯುತ್ತದೆ. ಒಂದೊಂದು ಹಾಳೆಯಲ್ಲೂ ಮೂರು ತುಂಡು: ಒಳಗೆ ಹೋಗುವಾಗ ಒಂದನ್ನು ಹರಿದುಕೊಳ್ಳುತ್ತಾರೆ, ಹೊರಗೆ ಬರುವಾಗ ಒಂದನ್ನು, ಮೂರನೆಯದು ಎರಡೂ ಸೀಲು ಹೊತ್ತು ನಮ್ಮ ಹತ್ತಿರವೇ ಉಳಿಯುತ್ತದೆ. ಹೊರಬರುವ ಸೀಲು ಹಾಕಿಸಿಕೊಳ್ಳದೆ ಬಂದರೆ ಆ ದೇಶದ ದಾಖಲೆಯಲ್ಲಿ ಕಾರು ಇನ್ನೂ ಅಲ್ಲೇ ಇದೆ. ಆಮೇಲೆ ಸುಂಕ ಕೇಳಿ ನೋಟಿಸ್ ಬರುತ್ತದೆ. ರಾತ್ರಿ ಹೊತ್ತು, ಉದ್ದದ ಕ್ಯೂ, ಮಗು ಅಳುತ್ತಿದೆ, ಅಧಿಕಾರಿ ಕೈಬೀಸಿ ಹೋಗಿ ಅನ್ನುತ್ತಾನೆ. ಆಗಲೂ ಇಳಿದು ಹೋಗಿ ಸೀಲು ಕೇಳಬೇಕು. ನಾಚಿಕೆ ಪಡಬಾರದು.

ಲೈಸೆನ್ಸ್ ವಿಷಯ ಬೇಗ ಮುಗಿಸುತ್ತೇನೆ. 1949ರ ಜಿನೀವಾ ಒಪ್ಪಂದದ ಮಾದರಿಯ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಒಂದು ವರ್ಷ, 1968ರ ವಿಯೆನ್ನಾ ಒಪ್ಪಂದದ್ದು ಹೆಚ್ಚೆಂದರೆ ಮೂರು ವರ್ಷ. ಯಾವ ದೇಶ ಯಾವುದನ್ನು ಒಪ್ಪುತ್ತದೆ ಅಂತ ನೋಡಿಯೇ ಮಾಡಿಸಬೇಕು. ಜೊತೆಗೆ ಮೂಲ ಲೈಸೆನ್ಸ್ ಇಲ್ಲದಿದ್ದರೆ ಅದು ಸುಮ್ನೆ ಒಂದು ಪುಸ್ತಕ.

ಕಾರನ್ನು ಇನ್ನೊಬ್ಬರ ಕೈಗೆ ಕೊಡುವುದಿದೆಯಲ್ಲ, ಅದು ನಿಜವಾಗಿ ಅಪಾಯ. ಸುಂಕ ಕಟ್ಟದ ಕಾರನ್ನು ಅಲ್ಲಿಯದೇ ನಿವಾಸಿಯಾದ ಗೆಳೆಯ ಓಡಿಸುವುದನ್ನು ಬಹಳ ದೇಶಗಳು ಒಪ್ಪುವುದಿಲ್ಲ. ಮಾರುವುದಂತೂ ದೂರದ ಮಾತು. ಟರ್ಕಿಯಲ್ಲಿ ಕಾರನ್ನು ತಂದವರ ಪಾಸ್‌ಪೋರ್ಟಿಗೇ ಜೋಡಿಸಿಬಿಡುತ್ತಾರೆ. ಅದರ ವಿಷಯ ಕಸ್ಟಮ್ಸ್‌ನಲ್ಲಿ ವಿಚಾರಿಸಿಕೊಳ್ಳದೆ ಒಬ್ಬರೇ ವಿಮಾನ ಹತ್ತಲು ಹೊರಡಬಾರದು. ಮನೆಯಲ್ಲಿ ಏನೋ ಆಗಿ ತುರ್ತಾಗಿ ಹೊರಡುವಾಗ ಇದೆಲ್ಲ ಯಾರಿಗೆ ನೆನಪಿರುತ್ತದೆ?

ಮೊನ್ನೆ ಇನ್ನೊಬ್ಬರು ಖುಷಿಯಿಂದ ಮೆಸೇಜ್ ಹಾಕಿದ್ದರು, ಕಾಯಂ ವಾಸದ ಕಾರ್ಡ್ ಬಂತು ಅಂತ. ನಾನು ಅಭಿನಂದನೆ ಹೇಳುವುದು ಬಿಟ್ಟು, “ಕಾರಿನ ಪ್ಲೇಟ್ ಯಾವ ದೇಶದ್ದು?” ಅಂತ ಕೇಳಿದೆ. ಈ ಹೆಂಗಸಿಗೆ ಏನಾಗಿದೆ ಅಂದುಕೊಂಡಿರಬೇಕು. ಆದರೆ ಮೆಕ್ಸಿಕೊದಂಥ ಕಡೆ ತಾತ್ಕಾಲಿಕ ನಿವಾಸಿಗೆ ಹೊರಗಿನ ಪ್ಲೇಟಿನ ಕಾರು ನಡೆಯುತ್ತದೆ, ಕಾಯಂ ನಿವಾಸಿಯಾದರೆ ನಡೆಯಲ್ಲ. ಅವರಿರುವ ದೇಶದ ನಿಯಮವೂ ಅದೇ ಧಾಟಿಯದು. ಮನುಷ್ಯನಿಗೆ ಬಡ್ತಿ ಸಿಕ್ಕ ದಿನವೇ ಕಾರು ಕಾನೂನಿನ ಹೊರಗೆ.

ಮರುದಿನ ಇಬ್ಬರೂ ಫೈಲ್ ತೆಗೆದು ಕೂತೆವು. ದೇಶದಿಂದ ಹೊರಗೆ ಒಯ್ಯಬೇಕು, ಇಲ್ಲ ಸುಂಕ ಕಟ್ಟಿ ಅಲ್ಲಿಯ ಪ್ಲೇಟ್ ಹಾಕಿಸಬೇಕು, ಇಲ್ಲ ಕಸ್ಟಮ್ಸ್‌ಗೆ ಒಪ್ಪಿಸಬೇಕು. ಮಗಳು ಹುಟ್ಟಿದಾಗ ಕೊಂಡ ಕಾರಂತೆ, ಮಾರಲು ಮನಸ್ಸಿಲ್ಲ. ಸುಂಕದ ಅಂದಾಜು ಬರಲಿ, ನೋಡೋಣ ಅಂದಿದ್ದಾರೆ. ಅಲ್ಲಿಯವರೆಗೆ ಓಡಿಸಬೇಡಿ ಅಂತ ಹೇಳಿದ್ದೇನೆ. ಕೀಲಿಯನ್ನು ಹೆಂಡತಿ ಕೈಗೆ ಕೊಟ್ಟಿದ್ದಾರಂತೆ.