ಶಿಕ್ಷೆ ಓದಿದ ಸೋಮವಾರ

2012ರ ಜುಲೈ 23, ಸೋಮವಾರ. ಬೆಳಿಗ್ಗೆ ಒಂಬತ್ತಕ್ಕೆ ಐದು ನಿಮಿಷವಿರುವಾಗ ನಾನು ಪೆನ್ಸಿಲ್ವೇನಿಯಾದ ಸ್ಟೇಟ್ ಕಾಲೇಜ್ ಎಂಬ ಊರಿನಲ್ಲಿ, ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಭವನದ ಟಿ.ವಿ. ಮುಂದೆ ಕಾಫಿ ಹಿಡಿದು ನಿಂತಿದ್ದೆ. ಎಲ್ಲರೂ ‘ಹಬ್’ ಎಂದು ಕರೆಯುವ ಆ ಕಟ್ಟಡ ಬೇಸಿಗೆ ರಜೆಯಲ್ಲಿ ಬಿಕೋ ಎನ್ನುತ್ತಿರುತ್ತದೆ. ಅಂದು ಮಾತ್ರ ಕೂರಲು ಜಾಗವಿರಲಿಲ್ಲ. ಸಿವಿಲ್ ಎಂಜಿನಿಯರಿಂಗ್‌ನಲ್ಲಿ ಪಿಎಚ್.ಡಿ. ಮಾಡಲು ಬಂದು ನನಗೆ ಅಲ್ಲಿ ಮೂರು ವರ್ಷ ಕಳೆದಿತ್ತು. ಅಮೆರಿಕದ ಫುಟ್‌ಬಾಲಿನ ನಿಯಮಗಳು ಆಗಲೂ ಪೂರ್ತಿ ತಲೆಗೆ ಹತ್ತಿರಲಿಲ್ಲ, ಆದರೆ ಆ ಊರಿಗೆ ಆ ಆಟವೆಂದರೆ ಏನು ಎಂಬುದು ಚೆನ್ನಾಗಿ ಗೊತ್ತಿತ್ತು. ಆಗ ಸುಮಾರು 42 ಸಾವಿರ ಜನರಿದ್ದ ಊರಿನಲ್ಲಿ 1 ಲಕ್ಷ 6 ಸಾವಿರ ಜನ ಕೂರುವ ಕ್ರೀಡಾಂಗಣವಿದೆ. ಪಂದ್ಯವಿರುವ ಶನಿವಾರ ಊರಿಗೆ ಊರೇ ತೇರಿನ ದಿನದಂತೆ ತುಂಬಿಹೋಗುತ್ತದೆ.

ಒಂಬತ್ತಕ್ಕೆ ಸರಿಯಾಗಿ, ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಎನ್‌ಸಿಎಎ ಸಂಸ್ಥೆಯ ಅಧ್ಯಕ್ಷ ಮಾರ್ಕ್ ಎಮರ್ಟ್ ಇಂಡಿಯಾನಾಪೊಲಿಸ್‌ನಿಂದ ಮಾತನಾಡತೊಡಗಿದರು. ಪೆನ್ ಸ್ಟೇಟ್ ಫುಟ್‌ಬಾಲ್ ವಿಭಾಗಕ್ಕೆ 6 ಕೋಟಿ ಡಾಲರ್ ದಂಡ. ಆ ವಿಭಾಗದ ಸರಾಸರಿ ಒಂದು ವರ್ಷದ ಒಟ್ಟು ಆದಾಯ ಅದು, ಮಕ್ಕಳ ಮೇಲಿನ ದೌರ್ಜನ್ಯ ತಡೆಯುವ ಕೆಲಸಗಳಿಗೆ ಆ ಹಣ ಹೋಗಬೇಕು. ನಾಲ್ಕು ವರ್ಷ ಯಾವ ಬೌಲ್ ಪಂದ್ಯದಲ್ಲೂ, ಅಂದರೆ ಋತುವಿನ ಕೊನೆಯಲ್ಲಿ ಚೆನ್ನಾಗಿ ಆಡಿದ ತಂಡಗಳಿಗೆ ಸಿಗುವ ಗೌರವದ ಪಂದ್ಯಗಳಲ್ಲಿ, ಆಡುವಂತಿಲ್ಲ. ವರ್ಷಕ್ಕೆ 25 ಹೊಸ ಆಟಗಾರರಿಗೆ ಕೊಡುತ್ತಿದ್ದ ಸ್ಕಾಲರ್‌ಶಿಪ್ 15ಕ್ಕೆ ಇಳಿಯಬೇಕು. ಐದು ವರ್ಷ ನಿಗಾ. ಇವೆಲ್ಲವನ್ನೂ ಜನ ಉಸಿರು ಬಿಗಿಹಿಡಿದು ಕೇಳಿಸಿಕೊಂಡರು. 1998ರಿಂದ 2011ರವರೆಗಿನ 112 ಗೆಲುವುಗಳನ್ನೂ ದಾಖಲೆಯಿಂದ ತೆಗೆಯಲಾಗಿದೆ ಎಂದಾಗ ನನ್ನ ಮುಂದೆ ನಿಂತಿದ್ದ ಹುಡುಗಿಯೊಬ್ಬಳು ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು. ಹಿಂದಿನಿಂದ ಯಾರೋ ಬಿಕ್ಕಿದ ಸದ್ದು ಕೇಳಿಸಿತು. ಅಲ್ಲಿದ್ದವರಿಗೆ ಅತಿ ಹೆಚ್ಚು ನೋವಾದದ್ದು ಆ ಸಂಖ್ಯೆ ಕೇಳಿದಾಗ ಎಂಬುದು ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದುಬಿಟ್ಟಿತು.

ಕಾರಣ ಆ ಹೊತ್ತಿಗೆ ಜಗತ್ತಿಗೇ ಗೊತ್ತಿತ್ತು. ದೀರ್ಘಕಾಲ ಸಹಾಯಕ ಕೋಚ್ ಆಗಿದ್ದು 1999ರಲ್ಲಿ ನಿವೃತ್ತನಾದ ಜೆರಿ ಸ್ಯಾಂಡಸ್ಕಿ, ತಾನೇ ಸ್ಥಾಪಿಸಿದ ಸೇವಾಸಂಸ್ಥೆಯ ಮೂಲಕ ಪರಿಚಯವಾದ ಬಡ ಹುಡುಗರ ಮೇಲೆ ವರ್ಷಗಟ್ಟಲೆ ಲೈಂಗಿಕ ದೌರ್ಜನ್ಯ ಎಸಗಿದ್ದ. ಅದರಲ್ಲಿ ಕೆಲವು ಕೃತ್ಯಗಳು ನಡೆದದ್ದು ಫುಟ್‌ಬಾಲ್ ತಂಡದ ಕಟ್ಟಡದ ಸ್ನಾನಗೃಹದಲ್ಲೇ. ಒಬ್ಬ ತಾಯಿ 1998ರಲ್ಲೇ ವಿಶ್ವವಿದ್ಯಾಲಯದ ಪೊಲೀಸರಿಗೆ ದೂರು ಕೊಟ್ಟಿದ್ದಳು. ಗೆಲುವುಗಳನ್ನು ಅಳಿಸುವ ಲೆಕ್ಕ ಆ ವರ್ಷದಿಂದ ಆರಂಭವಾದದ್ದು ಅದಕ್ಕಾಗಿಯೇ. 2001ರಲ್ಲಿ ಮತ್ತೊಂದು ಕೃತ್ಯವನ್ನು ಕಿರಿಯ ಕೋಚ್ ಒಬ್ಬ ಕಂಡು ಮುಖ್ಯ ಕೋಚ್ ಜೋ ಪಟರ್ನೊ ಅವರಿಗೆ ತಿಳಿಸಿದ. ಪಟರ್ನೊ ಮೇಲಿನವರಿಗೆ ತಿಳಿಸಿದರು. ಮಾತು ಅಲ್ಲಿಗೇ ನಿಂತಿತು. ಪೊಲೀಸರಿಗೆ ಯಾರೂ ಹೇಳಲಿಲ್ಲ. 2011ರ ನವೆಂಬರಿನಲ್ಲಿ ಸ್ಯಾಂಡಸ್ಕಿ ಬಂಧನವಾದ ಕೆಲವೇ ದಿನಗಳಲ್ಲಿ, 46 ಋತುಗಳ ಕಾಲ ತಂಡವನ್ನು ನಡೆಸಿದ ಪಟರ್ನೊ ಅವರನ್ನು ಕೆಲಸದಿಂದ ತೆಗೆದರು. ಮುಂದಿನ ಜನವರಿಯಲ್ಲಿ ಅವರು ತೀರಿಕೊಂಡರು. ಅವರ ಮೇಲೆ ಮೊಕದ್ದಮೆ ದಾಖಲಾಗಿರಲಿಲ್ಲ. ಜೂನ್ 22ರಂದು ಹತ್ತಿರದ ಬೆಲ್‌ಫಾಂಟ್ ನ್ಯಾಯಾಲಯದಲ್ಲಿ ಸ್ಯಾಂಡಸ್ಕಿ 45 ಆರೋಪಗಳಲ್ಲಿ ತಪ್ಪಿತಸ್ಥನೆಂದು ತೀರ್ಮಾನವಾಯಿತು. ಜುಲೈ 12ರಂದು, ವಿಶ್ವವಿದ್ಯಾಲಯವೇ ತನಿಖೆಗೆ ನೇಮಿಸಿದ್ದ ಲೂಯಿಸ್ ಫ್ರೀ ಸಮಿತಿಯ 267 ಪುಟಗಳ ವರದಿ ಹೊರಬಂದು, ಕೆಟ್ಟ ಹೆಸರು ಬರುತ್ತದೆಂಬ ಭಯದಿಂದ ವಿಶ್ವವಿದ್ಯಾಲಯದ ಅಧ್ಯಕ್ಷರು, ಪಟರ್ನೊ ಮತ್ತು ಇಬ್ಬರು ಹಿರಿಯ ಅಧಿಕಾರಿಗಳು ಸಂಗತಿಯನ್ನು ಮುಚ್ಚಿಟ್ಟರು ಎಂದು ಹೇಳಿತು. ಪಟರ್ನೊ ಕುಟುಂಬ ಇದನ್ನು ಒಪ್ಪಲಿಲ್ಲ. ವರದಿ ಬಂದು ಹನ್ನೊಂದೇ ದಿನಕ್ಕೆ, ತನ್ನದೇ ಆದ ವಿಚಾರಣೆಯನ್ನೂ ನಡೆಸದೆ, ನಿಯಮದಂತೆ ಶಿಸ್ತು ಸಮಿತಿಯ ಮುಂದೆಯೂ ಇಡದೆ ಎನ್‌ಸಿಎಎ ಈ ಶಿಕ್ಷೆ ವಿಧಿಸಿತ್ತು.

ಹನ್ನೊಂದು ಗಂಟೆಗೆ ನನ್ನ ಕಾಂಕ್ರೀಟ್ ಲ್ಯಾಬ್ ಇತ್ತು. ಆರು ಇಂಚು ವ್ಯಾಸದ, ಹನ್ನೆರಡು ಇಂಚು ಎತ್ತರದ ಸಿಲಿಂಡರುಗಳನ್ನು ಯಂತ್ರದಲ್ಲಿಟ್ಟು ಒಡೆಯುವ ದಿನ. ಆ ಬ್ಯಾಚಿನಲ್ಲಿ ಫುಟ್‌ಬಾಲ್ ಪಂದ್ಯಗಳಲ್ಲಿ ನುಡಿಸುವ ವಿಶ್ವವಿದ್ಯಾಲಯದ ವಾದ್ಯತಂಡ ಬ್ಲೂ ಬ್ಯಾಂಡ್‌ನಲ್ಲಿ ಟ್ರಾಂಬೋನ್ ಊದುವ ಹುಡುಗಿಯೊಬ್ಬಳಿದ್ದಳು. ಯಾವಾಗಲೂ ಅಚ್ಚುಕಟ್ಟಾಗಿ ಅಂಕಿ ಬರೆದುಕೊಳ್ಳುತ್ತಿದ್ದವಳು ಅಂದು ಸಿಲಿಂಡರ್ ಟಪ್ಪೆಂದು ಒಡೆದರೂ ಪೆನ್ಸಿಲ್ ಎತ್ತಲಿಲ್ಲ. ಯಂತ್ರದ ಮುಳ್ಳು ಸೊನ್ನೆಗೆ ಇಳಿದಿತ್ತು, ಅವಳು ಅದನ್ನೇ ನೋಡುತ್ತಿದ್ದಳು. ಆ ಅಂಕಿಯನ್ನು ನಾನೇ ಬರೆದುಕೊಟ್ಟೆ. ಎಲ್ಲರೂ ಹೋದ ಮೇಲೆ ನೆಲದ ಕಾಂಕ್ರೀಟ್ ಚೂರುಗಳನ್ನು ಗುಡಿಸಲು ಅವಳು ಉಳಿದುಕೊಂಡಳು. ತನಗೆ ಇದು ಕೊನೆಯ ವರ್ಷವೆಂದೂ, ಆಟಗಾರರಿಗೆ ಬೇರೆ ವಿಶ್ವವಿದ್ಯಾಲಯಕ್ಕೆ ಹೋಗಿ ತಕ್ಷಣವೇ ಆಡಲು ಅನುಮತಿ ಕೊಟ್ಟಿದ್ದಾರೆ, ಬ್ಯಾಂಡಿನವರು ಎಲ್ಲಿಗೆ ಹೋಗಬೇಕೆಂದೂ ಹೇಳಿದಳು. ಬಳಿಕ ಪೊರಕೆ ಕೆಳಗಿಟ್ಟು, ‘ನೀವು ಹೊರಗಿನಿಂದ ಬಂದವರು, ನಿಮಗೆ ಇಲ್ಲಿಯವರ ಮೋಹ ಇಲ್ಲ, ನೀವು ಹೇಳಿ, ಇದು ನ್ಯಾಯವೇ?’ ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಸಂಜೆಯವರೆಗೂ ಅದೇ ಪ್ರಶ್ನೆ ಬೆನ್ನಿಗೆ ಬಿತ್ತು.

ಮನೆಗೆ ಹೋಗುವ ದಾರಿ ಬಿಟ್ಟು ಕ್ರೀಡಾಂಗಣದ ಕಡೆಗೆ ನಡೆದೆ. ಅಲ್ಲಿದ್ದ ಪಟರ್ನೊ ಅವರ ಏಳು ಅಡಿಯ ಕಂಚಿನ ಪ್ರತಿಮೆಯನ್ನು ಹಿಂದಿನ ದಿನ, ಭಾನುವಾರ ಬೆಳಗಿನ ಜಾವ, ಸುತ್ತ ಬೇಲಿ ಹಾಕಿ, ನೀಲಿ ಟಾರ್ಪಾಲಿನ ಮರೆ ಕಟ್ಟಿ ತೆಗೆದಿದ್ದರು. ಜನ ದೂರದಲ್ಲಿ ಗುಂಪುಗೂಡಿ ನಿಂತಿದ್ದರು. ಯಾರೂ ಜೋರಾಗಿ ಮಾತನಾಡುತ್ತಿರಲಿಲ್ಲ, ಸಾವಿನ ಮನೆಯ ಅಂಗಳದಲ್ಲಿ ನಿಂತವರಂತೆ ಇದ್ದರು. ಅವರ ದುಃಖ ಸುಳ್ಳಲ್ಲವೆಂದು ನನಗೆ ಗೊತ್ತಿತ್ತು, ಏಕೆಂದರೆ ಪಟರ್ನೊ ಆಟಗಾರರು ಓದಲೇಬೇಕೆಂದು ಹಟ ಹಿಡಿದವರು, ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಕೈಯಾರೆ ಹಣ ಕೊಟ್ಟವರು. ಆದರೂ ಆ ನ್ಯಾಯಾಲಯದಲ್ಲಿ ಸಾಕ್ಷಿ ನುಡಿದ, ಆಗ ಯುವಕರಾಗಿದ್ದ ಹುಡುಗರು ಇಲ್ಲಿಗೆ ಬಂದು ಈ ಗುಂಪಿನ ಕಣ್ಣೀರು ಕಂಡರೆ ಏನೆಂದುಕೊಳ್ಳುತ್ತಾರೆ ಎಂಬ ಯೋಚನೆ ಬಂದು ಅಲ್ಲಿ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ.

ರಾತ್ರಿ ಒಂಬತ್ತಕ್ಕೆ, ಅಂದರೆ ತುಮಕೂರಿನಲ್ಲಿ ಬೆಳಿಗ್ಗೆ ಆರೂವರೆಗೆ, ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ಪ್ರೌಢಶಾಲೆಯೊಂದರಲ್ಲಿ ಮೂವತ್ತು ವರ್ಷ ಪಿ.ಟಿ. ಮೇಷ್ಟ್ರಾಗಿದ್ದವರು. ನಾನು ಆರನೇ ತರಗತಿಯಲ್ಲಿದ್ದಾಗ ಅವರ ಕಬಡ್ಡಿ ತಂಡ ಜಿಲ್ಲಾಮಟ್ಟಕ್ಕೆ ಹೋಗಿ, ತಂಡದಲ್ಲಿ ವಯಸ್ಸು ಮೀರಿದ ಹುಡುಗನೊಬ್ಬನಿದ್ದಾನೆಂದು ಸಾಬೀತಾಗಿ, ಮರುವರ್ಷ ಶಾಲೆಗೆ ಶಾಲೆಯನ್ನೇ ಪಂದ್ಯಾವಳಿಯಿಂದ ಹೊರಗಿಟ್ಟಿದ್ದರು. ಆ ವರ್ಷ ಆಡಬೇಕಾಗಿದ್ದ ಹುಡುಗರು ನಮ್ಮ ಮನೆಯ ಜಗಲಿಯಲ್ಲಿ ಕೂತು ಅತ್ತದ್ದು ನನಗೆ ಇಂದಿಗೂ ನೆನಪಿದೆ. ಅದನ್ನೇ ಎತ್ತಿ, ‘ಅಪ್ಪ, ಆಗ ನಿಮಗೆ ಅದು ಅನ್ಯಾಯ ಅನ್ನಿಸಲಿಲ್ವಾ?’ ಎಂದು ಕೇಳಿದೆ.

‘ಹುಡುಗರಿಗೆ ಅನ್ಯಾಯ ಆಯ್ತು ಕಣಪ್ಪ. ಆದ್ರೆ ಶಾಲೆಗೆ ಆಗ್ಲಿಲ್ಲ. ಆ ಸರ್ಟಿಫಿಕೇಟ್ ಮೇಲೆ ನನ್ನ ಸಹಿ ಇತ್ತು, ನೋಡದೇ ಹಾಕಿದ್ದೆ. ವಯಸ್ಸು ಮೀರಿದವನನ್ನ ಇಳಿಸಿ ಗೆದ್ವಿ, ಗೆಲುವು ಕಿತ್ಕೊಂಡ್ರು, ಸರಿ ಹೋಯ್ತು. ಆಟದಲ್ಲಿ ಮಾಡಿದ ಮೋಸಕ್ಕೆ ಆಟದ ಶಿಕ್ಷೆ. ನೀನು ಹೇಳ್ತಿರೋದು ಆಟದ ಮೋಸಾನಾ? ಅದು ಪೊಲೀಸ್ನೋರ ಕೆಲಸ ಅಲ್ವಾ?’

ಈ ಮಾತಿನಲ್ಲಿ ತೂಕವಿತ್ತು. 1987ರಲ್ಲಿ ಟೆಕ್ಸಾಸಿನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯ ಆಟಗಾರರಿಗೆ ಗುಟ್ಟಾಗಿ ಹಣ ಕೊಡುತ್ತಿದ್ದುದಕ್ಕೆ ಎನ್‌ಸಿಎಎ ಆ ವರ್ಷದ ಋತುವನ್ನೇ ರದ್ದು ಮಾಡಿತ್ತು. ‘ಮರಣದಂಡನೆ’ ಎಂದೇ ಜನ ಕರೆಯುವ ಆ ಶಿಕ್ಷೆಯಿಂದ ಚೇತರಿಸಿಕೊಂಡು ಆ ತಂಡ ಮತ್ತೆ ಬೌಲ್ ಪಂದ್ಯ ಆಡಿದ್ದು 2009ರಲ್ಲಿ. ಅಷ್ಟು ಕಠಿಣವಾಗಿದ್ದರೂ ಅಲ್ಲಿ ತಪ್ಪಿಗೂ ಶಿಕ್ಷೆಗೂ ಸಂಬಂಧವಿತ್ತು, ಹಣ ಕೊಟ್ಟು ಗೆದ್ದವರಿಂದ ಗೆಲ್ಲುವ ಅವಕಾಶವನ್ನು ಕಿತ್ತುಕೊಂಡರು. ಇಲ್ಲಿ ಯಾವ ಗೆಲುವೂ ಮೋಸದಿಂದ ಬಂದದ್ದಲ್ಲ. ಹಾಗೆಂದು ಅಪ್ಪನ ಮಾತಿಗೆ ಪೂರ್ತಿ ತಲೆಯಾಡಿಸಲೂ ನನಗೆ ಆಗಲಿಲ್ಲ. ಫ್ರೀ ವರದಿ ಹೇಳಿದಂತೆ ಬಾಯಿ ಮುಚ್ಚಿಕೊಂಡದ್ದು ಹೆಸರು ಉಳಿಸಿಕೊಳ್ಳಲಾದರೆ, ಆ ಹೆಸರು ಫುಟ್‌ಬಾಲಿನದೇ. ತಮ್ಮ ಮಗನನ್ನು ಪೆನ್ ಸ್ಟೇಟ್‌ಗೇ ಕಳಿಸುತ್ತೇವೆಂದು ಹೆತ್ತವರು ಮುಂದೆ ಬರುತ್ತಿದ್ದುದು ಆ ಹೆಸರನ್ನು ನಂಬಿ. ಆ ಮೌನದ ಲಾಭ ತಂಡಕ್ಕೆ ಸಿಕ್ಕೇ ಸಿಕ್ಕಿತ್ತು. ಹೀಗಾಗಿ ಫುಟ್‌ಬಾಲ್ ವಿಭಾಗ ತನ್ನ ಒಂದು ವರ್ಷದ ಗಳಿಕೆಯನ್ನು ಮಕ್ಕಳಿಗಾಗಿ ಕಕ್ಕಬೇಕೆಂಬುದು ನನಗೆ ಅಂದೂ ಸರಿ ಎನಿಸಿತು, ಇಂದೂ ಸರಿ ಎನಿಸುತ್ತದೆ. ಇನ್ನೂ ಹೆಚ್ಚು ಕೇಳಿದ್ದರೂ ನಾನು ಬೇಡವೆನ್ನುತ್ತಿರಲಿಲ್ಲ.

ಬೌಲ್ ನಿಷೇಧವನ್ನು ಮತ್ತು ಸ್ಕಾಲರ್‌ಶಿಪ್ ಕಡಿತವನ್ನು ಮಾತ್ರ ನಾನು ಒಪ್ಪಲಾರೆ. 2012ರಲ್ಲಿ ಕೊನೆಯ ವರ್ಷದಲ್ಲಿದ್ದ ಆಟಗಾರರಿಗೆ ಆ ತಾಯಿ ದೂರು ಕೊಟ್ಟ 1998ರಲ್ಲಿ ಏಳೆಂಟು ವರ್ಷ. ಮುಚ್ಚಿಟ್ಟರೆಂದು ವರದಿ ಹೆಸರಿಸಿದವರಲ್ಲಿ ಒಬ್ಬರು ತೀರಿಕೊಂಡಿದ್ದರು, ಉಳಿದವರು ಹುದ್ದೆಯಿಂದ ದೂರವಾಗಿದ್ದರು. ಅವರ ವಿಚಾರಣೆಗೆ ನ್ಯಾಯಾಲಯವಿತ್ತು. ಹೊರೆ ಬಿದ್ದದ್ದು ಆಗಷ್ಟೇ ಬಂದ ಕೋಚ್ ಬಿಲ್ ಒಬ್ರಿಯನ್ ಮತ್ತು ಇಪ್ಪತ್ತರ ಆಸುಪಾಸಿನ ಹುಡುಗರ ಮೇಲೆ. ವರ್ಷಕ್ಕೆ ಕಡಿತವಾಗುವ ಹತ್ತು ಸ್ಕಾಲರ್‌ಶಿಪ್ ಎಂದರೆ, ಫೀಸು ಕಟ್ಟಲಾರದ ಹತ್ತು ಮನೆಗಳ ಹುಡುಗರು ಆ ಕಾಲೇಜಿಗೆ ಬರುವುದಿಲ್ಲ ಎಂದರ್ಥ. ದುರ್ಬಲ ಮಕ್ಕಳನ್ನು ಕಾಯಲಿಲ್ಲವೆಂದು ವಿಧಿಸಿದ ಶಿಕ್ಷೆಯ ಒಂದು ಭಾಗವನ್ನು ಬಡವರ ಮಕ್ಕಳಿಂದ ವಸೂಲು ಮಾಡುವುದು ಯಾವ ನ್ಯಾಯ? ಇನ್ನು 112 ಗೆಲುವುಗಳನ್ನು ಅಳಿಸಿದ್ದರಿಂದ ದೌರ್ಜನ್ಯಕ್ಕೆ ಒಳಗಾದ ಹುಡುಗರಿಗೆ ಏನೂ ಸಿಗಲಿಲ್ಲ. ಊರಿನ ಗಮನ ಮಾತ್ರ ಅವರಿಂದ ಹೊರಳಿ ಸ್ಕೋರಿನ ಕಡೆಗೆ ಹೋಯಿತು. ಪಟರ್ನೊ ಅವರ 409 ಗೆಲುವು 298ಕ್ಕೆ ಇಳಿಯಿತು (112ರಲ್ಲಿ ಒಂದು ಅವರನ್ನು ತೆಗೆದ ಮೇಲೆ ಬಂದದ್ದು) ಎಂಬ ಚರ್ಚೆ ತಿಂಗಳುಗಟ್ಟಲೆ ನನ್ನ ಕಿವಿಗೆ ಬೀಳುತ್ತಿತ್ತು.

ಎರಡು ದಿನಗಳ ನಂತರ ಮೈಕಲ್ ಮೌಟಿ ಮತ್ತು ಮೈಕಲ್ ಜೋರ್ಡಿಚ್ ಎಂಬ ಹಿರಿಯ ಆಟಗಾರರು ಸಂಗಡಿಗರನ್ನು ಬೆನ್ನಿಗಿಟ್ಟುಕೊಂಡು, ತಾವು ಎಲ್ಲಿಗೂ ಹೋಗುವುದಿಲ್ಲ ಎಂದು ಹೇಳಿದರು. ಕೆಲವರು ಹೋದರು, ಅವರನ್ನು ದೂರುವ ಹಕ್ಕು ಯಾರಿಗೂ ಇಲ್ಲ. ಮೊದಲ ಎರಡು ಪಂದ್ಯ ಸೋತ ತಂಡ ಕೊನೆಗೆ ಎಂಟು ಗೆದ್ದು ನಾಲ್ಕು ಸೋತು ಋತು ಮುಗಿಸಿತು.

ನವೆಂಬರ್ 24ರ ವಿಸ್ಕಾನ್ಸಿನ್ ಪಂದ್ಯಕ್ಕೆ ಆ ಬ್ಯಾಂಡ್ ಹುಡುಗಿ ತನ್ನ ಗೆಳತಿಯ ಟಿಕೆಟ್ ಕೊಡಿಸಿದ್ದರಿಂದ ನಾನೂ ಹೋಗಿದ್ದೆ. ಬೆರಳು ಮರಗಟ್ಟುವ ಚಳಿ. ಹಿಂದಿನ ವಾರ ಮೊಣಕಾಲಿಗೆ ಪೆಟ್ಟಾಗಿ ಆಡಲಾರದಿದ್ದ ಮೌಟಿಯ ಅಂಗಿಯ 42 ಎಂಬ ಸಂಖ್ಯೆಯನ್ನು ಆಟಗಾರರೆಲ್ಲರೂ ಹೆಲ್ಮೆಟ್ಟಿನ ಮೇಲೆ ಅಂಟಿಸಿಕೊಂಡಿದ್ದರು. ತಂಡ ಗೆದ್ದ ದೊಡ್ಡ ವರ್ಷಗಳನ್ನು ಬರೆದಿರುವ ಕ್ರೀಡಾಂಗಣದ ಗೋಡೆಯ ಮೇಲೆ ಅಂದು 2012 ಎಂಬ ಅಂಕಿಯನ್ನೂ ಅನಾವರಣ ಮಾಡಿದರು. ಹೆಚ್ಚುವರಿ ಅವಧಿಯಲ್ಲಿ 24-21ರಿಂದ ಗೆದ್ದ ಮೇಲೆ, ಮುಂದೆ ಆಡಲು ಯಾವ ಪಂದ್ಯವೂ ಇಲ್ಲದ ಆ ಹುಡುಗರು ಮೈದಾನ ಬಿಟ್ಟು ಹೋಗಲು ಮನಸ್ಸಿಲ್ಲದೆ ನಿಂತೇ ಇದ್ದರು. ಬ್ಯಾಂಡ್ ನುಡಿಸುತ್ತಲೇ ಇತ್ತು. ಆ ಗಲಾಟೆಯಲ್ಲಿ ಅವಳ ಟ್ರಾಂಬೋನ್ ಯಾವುದೆಂದು ನನಗೆ ತಿಳಿಯಲಿಲ್ಲ.

ಬೌಲ್ ನಿಷೇಧವನ್ನು 2014ರ ಸೆಪ್ಟೆಂಬರಿನಲ್ಲಿ, ಅವಧಿಗೆ ಮುಂಚೆಯೇ, ತೆರವುಗೊಳಿಸಿದರು. ಪೆನ್ಸಿಲ್ವೇನಿಯಾ ರಾಜ್ಯ ಶಾಸನಸಭೆಯ ಸೆನೆಟರ್ ಒಬ್ಬರು ಹೂಡಿದ್ದ ಮೊಕದ್ದಮೆಯಲ್ಲಿ, ಇಂಥ ಶಿಕ್ಷೆ ಕೊಡುವ ಅಧಿಕಾರ ತನಗಿದೆಯೇ ಎಂದು ಎನ್‌ಸಿಎಎಯೊಳಗಿನವರೇ ಸಂಶಯಪಟ್ಟಿದ್ದ ಇಮೇಲ್‌ಗಳು ಹೊರಬಿದ್ದವು. 2015ರ ಜನವರಿ 16ರಂದು ರಾಜಿಯಾಯಿತು. ಆಗ ನಾನು ಪದವಿ ಮುಗಿಸಿ ಬೇರೆ ಊರಿನಲ್ಲಿ ಕೆಲಸದಲ್ಲಿದ್ದೆ. ಅಂದು ಆ ಹುಡುಗಿಯಿಂದ ಮೆಸೇಜ್ ಬಂತು: ‘112 ವಾಪಸ್ ಬಂತು!’ ಲ್ಯಾಬಿನಲ್ಲಿ ಪೊರಕೆ ಕೆಳಗಿಟ್ಟು ಅವಳು ಕೇಳಿದ ಪ್ರಶ್ನೆ ನೆನಪಾಯಿತು. ಸಂತೋಷವೆಂದು ಬರೆದು, ಕಳಿಸುವ ಮುನ್ನ ರಾಜಿಯ ಸುದ್ದಿಯನ್ನು ಮತ್ತೊಮ್ಮೆ ಓದಿ, ಕೆಳಗೆ ಇನ್ನೊಂದು ಸಾಲು ಸೇರಿಸಿದೆ: 6 ಕೋಟಿ ಡಾಲರ್ ಹಾಗೆಯೇ ಇದೆ, ಪೂರ್ತಿ ಪೆನ್ಸಿಲ್ವೇನಿಯಾದ ಮಕ್ಕಳಿಗೇ ಹೋಗುತ್ತದಂತೆ. ಸ್ವಲ್ಪ ಹೊತ್ತಿಗೆ ಅವಳ ಉತ್ತರ ಬಂತು. ‘ಹೌದು, ಅದನ್ನೇ ಮೊದಲು ಬರೆಯಬೇಕಿತ್ತು ನಾನು.’