ಕೂಲಂಟ್ ಬಾಟಲಿಗೆ ಬೆಸುಗೆ

14 ಡಿಸೆಂಬರ್ 2024, ಶನಿವಾರ
ತೀರ್ಥಹಳ್ಳಿ

ಬೆಳಿಗ್ಗೆ ಅಂಗಳ ಗುಡಿಸುತ್ತಿದ್ದ ಅಮ್ಮ ಅಲ್ಲಿಂದಲೇ ಕೂಗಿದಳು. "ಕಾರಿನ ಕೆಳಗೆ ಮತ್ತೆ ಹಸಿರು ನೀರು ಬಿದ್ದಿದೆ ಕಣೋ, ಕೆಂಚ ಮೂಸ್ತಾ ಇದಾನೆ!" ಹಲ್ಲುಜ್ಜೋದು ಬಿಟ್ಟು ಓಡಿದೆ. ಆ ಹಸಿರು ನೀರು ಕೂಲಂಟ್, ಇಂಜಿನ್ ತಣ್ಣಗಿಡುವ ದ್ರವ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ. ನಾಯಿ, ಬೆಕ್ಕು ಸಿಕ್ಕಿದರೆ ನೆಕ್ಕಿಬಿಡುತ್ತವೆ. ಸ್ವಲ್ಪ ಹೊಟ್ಟೆಗೆ ಹೋದರೂ ಕಿಡ್ನಿ ಕೆಟ್ಟು ಪ್ರಾಣವೇ ಹೋಗಬಹುದು. ಸದ್ಯ, ಅವನು ಬಾಯಿ ಹಾಕುವ ಮೊದಲೇ ಅಮ್ಮ ಪೊರಕೆ ಎತ್ತಿದ್ದಳು. ಕೆಂಚನನ್ನು ಎಳೆದು ಕಟ್ಟಿಹಾಕಿದೆ. ನೆಲಕ್ಕೆ ಮರಳು ಸುರಿದು, ಹೀರಿದ ಮೇಲೆ ಬಾಚಿ ಚೀಲಕ್ಕೆ ತುಂಬಿ, ಆ ಜಾಗವನ್ನು ಸೋಪು ನೀರಲ್ಲಿ ಎರಡು ಸಲ ತೊಳೆದೆ.

ಕೂಲಂಟ್ ತುಂಬುವ ಪ್ಲಾಸ್ಟಿಕ್ ಬಾಟಲಿ ಸೋರಿದ್ದು ಇದು ಎರಡನೇ ಸಲ. ಎರಡು ತಿಂಗಳ ಹಿಂದೆ ಇದೇ ಬಾಟಲಿಗೆ ಕಲಸಿ ಮೆತ್ತುವ ಎಪಾಕ್ಸಿ ಅಂಟು ಹಚ್ಚಿದ್ದೆ. ಇವತ್ತು ಉಗುರಿನಲ್ಲಿ ಎತ್ತಿದರೆ ಒಣಗಿದ ಗಾಯದ ಹಕ್ಕಳೆಯ ಹಾಗೆ ಪೂರ್ತಿ ಎದ್ದುಬಂತು. ಬಾಟಲಿಯ ತಳ ತಿರುಗಿಸಿ ನೋಡಿದಾಗ ಕಾರಣ ಗೊತ್ತಾಯಿತು. ಅಲ್ಲಿ ಸಣ್ಣದಾಗಿ ಪಿಪಿ ಅಂತ ಅಚ್ಚಿದೆ. ಅಂದರೆ ಪಾಲಿಪ್ರೊಪಿಲೀನ್. ಮೇಣ ಹಚ್ಚಿದ ಕಾಗದಕ್ಕೆ ಗೋಂದು ಹಿಡಿಯುವುದಿಲ್ಲ ಅಲ್ವಾ, ಇದೂ ಅದೇ ಜಾತಿ. ಫೆವಿಕ್ವಿಕ್ ಆಗಲಿ ಎಪಾಕ್ಸಿ ಆಗಲಿ, ಮೇಲೆ ಕೂರುತ್ತದೆ, ಒಳಗೆ ಹಿಡಿಯುವುದಿಲ್ಲ. ಇದಕ್ಕೆ ಇದರದೇ ಪ್ಲಾಸ್ಟಿಕ್ ಕರಗಿಸಿ ಬೆಸೆಯಬೇಕು.

ಆಗ ನೆನಪಾದವರು ನಮ್ಮ ಬೀದಿಗೆ ಬರುತ್ತಿದ್ದ ಕೊಡ ರಿಪೇರಿಯವರು. "ಪ್ಲಾಸ್ಟಿಕ್ ಕೊಡ, ಬಕೆಟ್ ರಿಪೇರೀ..." ಅಂತ ಕೂಗುತ್ತಾ ಬರುತ್ತಿದ್ದರು. ಕೆಂಡದಲ್ಲಿ ಕಾಯಿಸಿದ ಕಬ್ಬಿಣದ ಪಟ್ಟಿ, ಹೆಗಲ ಚೀಲದಲ್ಲಿ ಒಡೆದ ಬಕೆಟ್ಟುಗಳ ಚೂರು. ಅಜ್ಜಿಯ ಬಿಂದಿಗೆ ಸೀಳಿದಾಗ ಅವರು ಬಣ್ಣ ನೋಡಿ ಚೂರು ಆರಿಸುತ್ತಿರಲಿಲ್ಲ. ಚೂರನ್ನು ಬಗ್ಗಿಸಿ, ಉಗುರಿನಲ್ಲಿ ಗೀರಿ ನೋಡುತ್ತಿದ್ದರು. ಹೀಗಾಗಿ ನೀಲಿ ಬಿಂದಿಗೆಗೆ ಕೆಂಪು ತೇಪೆ ಬೀಳುತ್ತಿತ್ತು, ಆದರೆ ಸೋರುತ್ತಿರಲಿಲ್ಲ. ಅಚ್ಚು ಓದದೆ, ಕೈಯಲ್ಲೇ ಜಾತಿ ಗುರುತಿಸುತ್ತಿದ್ದ ಅವರು ದೊಡ್ಡ ಕುಶಲಿಗರು. ಈಗ ಯಾರೂ ಬರುವುದಿಲ್ಲ.

ಕೆಲಸಕ್ಕೆ ಕೂತೆ. ಇಂಜಿನ್ ತಣ್ಣಗಿತ್ತು. ಬಿಸಿ ಇದ್ದಾಗ, ಕೂಲಂಟ್ ತಣಿಸುವ ರೇಡಿಯೇಟರ್‌ನ ಮುಚ್ಚಳ ಮುಟ್ಟಲೇಬಾರದು, ಕುದಿಯುವ ನೀರು ಮುಖಕ್ಕೇ ಹಾರುತ್ತದೆ. ಎರಡು ಬೋಲ್ಟ್, ಒಂದು ಪೈಪ್. ಬಾಟಲಿ ಕೈಗೆ ಬಂತು. ಉಳಿದ ಕೂಲಂಟ್ ಡಬ್ಬಿಗೆ ಸುರಿದು ಮುಚ್ಚಳ ಹಾಕಿ ಅಟ್ಟಕ್ಕಿಟ್ಟೆ. ಬಾಟಲಿ ತೊಳೆದು ಬಿಸಿಲಿಗಿಟ್ಟೆ. ಒಳಗೆ ತೇವ ಇದ್ದರೆ ಬೆಸುಗೆಯಲ್ಲಿ ಗುಳ್ಳೆ ಏಳುತ್ತದೆ.

ಬಿರುಕು ಕ್ಲಾಂಪ್ ಕೂರುವ ಮೂಲೆಯಲ್ಲಿತ್ತು, ಕೂದಲೆಳೆಯಷ್ಟು ಸಣ್ಣ, ನಾಲ್ಕು ಸೆಂಟಿಮೀಟರ್ ಉದ್ದ. ಹದಿನೆಂಟು ವರ್ಷದ ಕಾಯುವುದು, ತಣಿಯುವುದು, ಅದುರುವುದು ಎಲ್ಲಾ ಆ ಮೂಲೆಗೇ ಬಿದ್ದಿದೆ. ಬಿರುಕಿನ ಎರಡೂ ತುದಿಗೆ 2 ಮಿಲಿಮೀಟರ್ ತೂತು ಕೊರೆದೆ. ಬಿರುಕಿನ ತುದಿ ಚೂಪಾಗಿರುವವರೆಗೂ ಅದು ಮುಂದೆ ಓಡುತ್ತದೆ, ದುಂಡು ತೂತು ಸಿಕ್ಕರೆ ಅಲ್ಲೇ ನಿಲ್ಲುತ್ತದೆ. ಆಮೇಲೆ ಬ್ಲೇಡಿನಲ್ಲಿ ಬಿರುಕಿನ ಉದ್ದಕ್ಕೂ ಕೆರೆದು, ಉಳುಮೆಯ ಸಾಲಿನ ಹಾಗೆ ಸಣ್ಣ ಕಾಲುವೆ ಮಾಡಿದೆ. ಹೋಟೆಲ್ ಊಟ ಬಂದಿದ್ದ ಡಬ್ಬಿಯ ತಳದಲ್ಲಿ ತ್ರಿಕೋನದೊಳಗೆ 5, ಕೆಳಗೆ ಪಿಪಿ. ಅದನ್ನೇ ಸಣ್ಣ ಕಡ್ಡಿಗಳಾಗಿ ಕತ್ತರಿಸಿದೆ. ತ್ರಿಕೋನದಲ್ಲಿ 2 ಇದ್ದರೆ ಅದು ಎಚ್‌ಡಿಪಿಇ, ಬೇರೆ ಪ್ಲಾಸ್ಟಿಕ್. ನೋಡಲು ಒಂದೇ ಥರ ಇದ್ದರೂ ಇದಕ್ಕದು ಬೆಸೆಯುವುದಿಲ್ಲ.

ನನ್ನ ಹತ್ತಿರ ಇರುವುದು ರೇಡಿಯೋ ರಿಪೇರಿಗೆ ತಂದ 25 ವಾಟ್ ಸೋಲ್ಡರಿಂಗ್ ಐರನ್. ಪಿಪಿ ಕರಗುವುದು ಸುಮಾರು 160 ಡಿಗ್ರಿಗೆ. ಐರನ್ನಿನ ತುದಿ ಅದಕ್ಕಿಂತ ತುಂಬಾ ಬಿಸಿ. ಒಂದೇ ಕಡೆ ಒತ್ತಿದರೆ ಕಂದಾಗಿ ಹೊಗೆ ಬರುತ್ತದೆ, ಸುಟ್ಟ ಪ್ಲಾಸ್ಟಿಕ್‌ಗೆ ಶಕ್ತಿ ಇಲ್ಲ. ಜಗುಲಿಯ ಗಾಳಿಯಲ್ಲಿ ಕೂತು, ಮೊದಲು ಕಾಲುವೆಯ ಎರಡೂ ದಡ ಕರಗಿಸಿ, ಕಡ್ಡಿಯನ್ನು ಅದರೊಳಗೆ ಬೆರೆಸುತ್ತಾ ಹೋದೆ. ಬೆರೆಸುವುದೇ ಮುಖ್ಯ. ಮೇಲೆ ಸುಮ್ನೆ ಸವರಿದರೆ ನೋಡಲು ಚಂದ, ನಾಳೆ ಮತ್ತೆ ಏಳುತ್ತದೆ. ಅಮ್ಮನ ಹಳೇ ಟೀ ಸೋಸುವ ಸ್ಟೀಲ್ ಜಾಲರಿಯ ಒಂದು ತುಂಡನ್ನು ಬೆಸುಗೆಯೊಳಗೆ ಹೂತು, ಮೇಲೆ ಇನ್ನೊಂದು ಪದರ ಕೊಟ್ಟೆ. ಒಂದೂವರೆ ಗಂಟೆ ಹಿಡಿಯಿತು.

ನಮ್ಮ ಕಾರಿನಲ್ಲಿ ಒತ್ತಡದ ಮುಚ್ಚಳ ಇರುವುದು ರೇಡಿಯೇಟರ್ ಮೇಲೆ. ಇಂಜಿನ್ ಕಾದಾಗ ಹಿಗ್ಗಿದ ಕೂಲಂಟ್ ಈ ಬಾಟಲಿಗೆ ಬರುತ್ತದೆ, ತಣಿದಾಗ ರೇಡಿಯೇಟರ್ ವಾಪಸ್ ಹೀರಿಕೊಳ್ಳುತ್ತದೆ. ಬಾಟಲಿಗೆ ಒತ್ತಡ ಇಲ್ಲ. ಅದಕ್ಕೇ ನಾನು ಬೆಸುಗೆ ಹಾಕಿದ್ದು. ಈಗಿನ ಎಷ್ಟೋ ಕಾರುಗಳಲ್ಲಿ ಟ್ಯಾಂಕಿಗೇ ಒತ್ತಡದ ಮುಚ್ಚಳ, ಒಳಗೆ ನೂರು ಡಿಗ್ರಿ ದಾಟಿದರೂ ಕುದಿಯದೆ ನಿಂತ ನೀರು. ಅದಕ್ಕೆ ಈ ಬೆಸುಗೆ ಬೇಡ, ದಯವಿಟ್ಟು ಹೊಸ ಟ್ಯಾಂಕ್ ಹಾಕಿಸಿ. ಬ್ರೇಕ್ ಆಯಿಲ್ ಡಬ್ಬಿ ಸೋರಿದರಂತೂ ಬೆಸುಗೆಯ ಯೋಚನೆಯೇ ಬೇಡ, ಕಾರು ಓಡಿಸಲೂಬೇಡಿ.

ಸಂಜೆ ಬಾಟಲಿಗೆ ಬಿಸಿನೀರು ತುಂಬಿ, ಹಳೇ ಪೇಪರ್ ಮೇಲೆ ಇಟ್ಟು ಮಲಗಿದೆ.

15 ಡಿಸೆಂಬರ್, ಭಾನುವಾರ

ಪೇಪರ್ ಒಣಗಿತ್ತು. ಒಂದು ಹನಿಯೂ ಇಲ್ಲ.

ಬಾಟಲಿ ಕೂರಿಸಿ, ಡಿಸ್ಟಿಲ್ಡ್ ವಾಟರ್ ಅರ್ಧ, ಕೂಲಂಟ್ ಅರ್ಧ ಬೆರೆಸಿ ಗೆರೆಯವರೆಗೆ ತುಂಬಿದೆ. ಬೋರ್‌ವೆಲ್ ನೀರು ಹಾಕಿದರೆ ಒಳಗೆ ಸುಣ್ಣ ಕಟ್ಟುತ್ತದೆ. ಆಗುಂಬೆ ಘಾಟಿ ಇಳಿದು ಸೋಮೇಶ್ವರದಲ್ಲಿ ಕಾಫಿ ಕುಡಿದು, ಹದಿನಾಲ್ಕೂ ತಿರುವು ಹತ್ತಿ ವಾಪಸ್ ಬಂದೆ. ಹತ್ತುವಾಗ ಎರಡನೇ ಗೇರಿನಲ್ಲಿ ಇಂಜಿನ್ ಚೆನ್ನಾಗಿ ಕಾದಿತ್ತು, ಬಿಸಿ ತೋರಿಸುವ ಮುಳ್ಳು ಮಾತ್ರ ಮಧ್ಯದಿಂದ ಕದಲಲಿಲ್ಲ. ಡಿಕ್ಕಿಯಲ್ಲಿ ಇಟ್ಟುಕೊಂಡಿದ್ದ ಐದು ಲೀಟರ್ ನೀರು ಹಾಗೇ ಮನೆಗೆ ಬಂತು.

ಸಂಜೆ ಇಂಜಿನ್ ತಣಿದ ಮೇಲೆ ನೋಡಿದೆ. ಕೂಲಂಟ್ ಬೆಳಿಗ್ಗೆ ಇದ್ದ ಗೆರೆಯಲ್ಲೇ ಇದೆ. ಕಾರಿನ ಕೆಳಗೆ ಕೈಯಾಡಿಸಿದೆ, ಬರೀ ಧೂಳು. ಕೆಂಚನ ಸರಪಳಿ ಬಿಚ್ಚಿದೆ.