ವೀಣೆಗೆ ಬೇಕಾದ ಗೇನ್ ಚಂಡೆಗೆ ಬೇಡ

ಶಿವಮೊಗ್ಗದಲ್ಲಿ ರೆಕಾರ್ಡಿಂಗ್ ಕೆಲಸ ಮಾಡುವ ನನ್ನನ್ನು ಹೊಸ ಹುಡುಗರು ಪದೇಪದೇ ಕೇಳುತ್ತಾರೆ: 'ಸಾರ್, ಯಾವ ಪ್ರೀಆಂಪ್ ತಗೊಳ್ಳಲಿ?' ಯಾವ ವಾದ್ಯಕ್ಕೆ ಅನ್ನುವುದು ಮೊದಲು ಗೊತ್ತಾಗಬೇಕು, ಅಲ್ವಾ?

ಮೈಕ್‌ನಿಂದ ಬರುವ ಸಿಗ್ನಲ್ ತೀರಾ ಸಣ್ಣದು. ಅದನ್ನು ಏರಿಸುವುದೇ ಪ್ರೀಆಂಪ್ ಕೆಲಸ. ಎಷ್ಟು ಏರಿಸುತ್ತೆ ಅನ್ನುವುದೇ ಗೇನ್, ಅದರ ಅಳತೆ ಡಿಬಿ (ಡೆಸಿಬಲ್). ಸಾಗರದ ಕಡೆಯ ಯಕ್ಷಗಾನದವರು ಚಂಡೆ ತಂದರೆ ಏರಿಸುವುದಕ್ಕೆ ಏನೂ ಉಳಿದಿರುವುದಿಲ್ಲ. ಸಿಗ್ನಲ್ ಜೋರಾಗಿ ಕೊಡುವ ಕಂಡೆನ್ಸರ್ ಮೈಕ್ ಆದರೆ ಪ್ಯಾಡ್ (ಸಿಗ್ನಲ್ ತಗ್ಗಿಸುವ ಸ್ವಿಚ್) ಹಾಕಿ 10 ಡಿಬಿ ಇಳಿಸಬೇಕಾಗುತ್ತೆ. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಸಾಧಾರಣ ಇಂಟರ್‌ಫೇಸ್‌ನಲ್ಲಿ ಇರುವ ಪ್ರೀಆಂಪೇ ಅದಕ್ಕೆ ಧಾರಾಳ. ವೀಣೆ ಹಾಗಲ್ಲ. ಮೆಲ್ಲಗೆ ಮೀಟುವವರ ಮುಂದೆ ಸಿಗ್ನಲ್ ಇನ್ನೂ ಸಣ್ಣಗೆ ಕೊಡುವ ರಿಬ್ಬನ್ ಮೈಕ್ ಇಟ್ಟರೆ 60 ಡಿಬಿ ಗೇನ್ ಕೂಡ ಬೇಕಾಗಬಹುದು. ಅಗ್ಗದ ಪ್ರೀಆಂಪ್ 'ಸ್ಸ್' ಅನ್ನುವುದು ಅಲ್ಲೇ. ದುಡ್ಡು ಹಾಕುವುದಿದ್ದರೆ ವೀಣೆಯ ಪ್ರೀಆಂಪಿಗೇ ಹಾಕಿ.

1970ರಲ್ಲಿ ಬಂದ ನೀವ್ 1073 ಪ್ರೀಆಂಪ್ ಹೆಸರು ಎಲ್ಲರ ಬಾಯಲ್ಲೂ ಇದೆ. ಅದರ ಟ್ರಾನ್ಸ್‌ಫಾರ್ಮರ್ ದನಿಗೆ ಒಂದಿಷ್ಟು ದಪ್ಪ ಕೊಡುತ್ತೆ, ನಿಜ. ನನಗಂತೂ ವೀಣೆಗೆ ಬಣ್ಣ ಹಚ್ಚದ ಪ್ರೀಆಂಪೇ ಇಷ್ಟ. ಹಲಸಿನ ಮರದ ದನಿ ಇದ್ದ ಹಾಗೇ ಬರಲಿ. ಜುಲೈನಲ್ಲಿ ಹೆಂಚಿನ ಮನೆಯಲ್ಲಿ ರೆಕಾರ್ಡ್ ಮಾಡುವವರು ಮಾತ್ರ ಇದಕ್ಕೆಲ್ಲ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಆ ಮಳೆ ಸದ್ದಿನಲ್ಲಿ ಪ್ರೀಆಂಪ್ ನಾಯ್ಸ್ ಯಾರಿಗೆ ಕೇಳಿಸುತ್ತೆ?

ಕಂಪ್ರೆಶನ್, ಅಂದರೆ ಜೋರು ದನಿಯನ್ನು ತಾನಾಗಿ ಅದುಮುವುದು, ಅದನ್ನು ನಾನು ರೆಕಾರ್ಡ್ ಮಾಡುವಾಗ ಹಾಕುವುದಿಲ್ಲ. 24 ಬಿಟ್‌ನಲ್ಲಿ ಪೀಕ್ (ಅತಿ ಜೋರು ಮಟ್ಟ) ಮೈನಸ್ 12 ಡಿಬಿ ಆಸುಪಾಸು ಇಟ್ಟರೆ ದನಿ ಜೋರಾದರೂ ಒಡೆಯದಷ್ಟು ಜಾಗ ಇರುತ್ತೆ. ಮಿಕ್ಸ್ ಮಾಡುವಾಗ ಕೂಡ ಕೈ ಬಿಗಿ ಹಿಡಿಯಬೇಕು. ತೀರ್ಥಹಳ್ಳಿ ಹತ್ತಿರದ ತೋಟದ ಮನೆಯಲ್ಲಿ ಸಂಜೆ ಹೊತ್ತು ನುಡಿಸಿದ ಒಂದು ವೀಣೆ ಆಲಾಪನೆ. 'ಇನ್ನೂ ಜೋರು ಬರಲಿ' ಅಂದರು ನುಡಿಸಿದವರು. ಜೋರು ಭಾಗ ಅದುಮಿ ಒಟ್ಟು ದನಿ ಏರಿಸಲು ರೇಷಿಯೋ (ಅದುಮುವ ಪ್ರಮಾಣ) 6:1 ಮಾಡಿ ಕೇಳಿಸಿದೆ. ಮೀಟು ಚಪ್ಪಟೆ ಆಯಿತು. ಗಮಕ ಸಣ್ಣಗಾಗುತ್ತಾ ಹೋದಂತೆ ಕಂಪ್ರೆಸರ್ ಹಿಡಿತ ಬಿಟ್ಟು, ಹಿಂದಿನಿಂದ ಜೀರುಂಡೆಗಳೆಲ್ಲ ಎದ್ದು ಬಂದವು. ಮುಂದಿನ ಮೀಟು ಬಿದ್ದ ಕೂಡಲೇ ಅಡಗಿದವು. 'ಅಯ್ಯೋ, ಇದು ಬೇಡ ಮಾರಾಯ್ರೇ' ಅಂದರು. ಕೊನೆಗೆ 2:1 ರೇಷಿಯೋ, 30 ಮಿಲಿಸೆಕೆಂಡ್ ಅಟ್ಯಾಕ್ (ಅದುಮಲು ಹಿಡಿಯುವ ಹೊತ್ತು), ಹೆಚ್ಚೆಂದರೆ 3 ಡಿಬಿ ಇಳಿತ. ಉಳಿದದ್ದನ್ನು ಸಾಲುಸಾಲಿಗೆ ಫೇಡರ್‌ನಲ್ಲೇ ಏರಿಸಿ ಇಳಿಸಿದೆ. ಹೊತ್ತು ಜಾಸ್ತಿ ಹಿಡಿಯುತ್ತೆ, ಆದರೆ ಜೀರುಂಡೆ ಕುಣಿಯುವುದಿಲ್ಲ.

ಮೃದಂಗಕ್ಕೆ 1176 ಅನ್ನುವ ಕಂಪ್ರೆಸರ್ ಪ್ಲಗಿನ್ (ಸಾಫ್ಟ್‌ವೇರ್ ರೂಪ) ಹಾಕುವವರು ಒಂದು ನೋಡಿಕೊಳ್ಳಿ. ಅದರ ಅಟ್ಯಾಕ್ ನಾಬ್ ಉಲ್ಟಾ: 7ಕ್ಕೆ ತಿರುಗಿಸಿದರೆ ಅತಿ ವೇಗ, 1ಕ್ಕೆ ತಂದರೆ ನಿಧಾನ. ಆ ನಿಧಾನವೂ ಒಂದು ಮಿಲಿಸೆಕೆಂಡಿಗಿಂತ ಕಡಿಮೆ. ಚಾಪಿನ ಪೆಟ್ಟನ್ನು ಅದು ಬರುವಷ್ಟರಲ್ಲೇ ಅದುಮಿಬಿಡುತ್ತೆ. ನಾನು ಅದರ ಬದಲು ಅಟ್ಯಾಕ್ ಅನ್ನು 20-30 ಮಿಲಿಸೆಕೆಂಡಿಗೆ ಇಡಲು ಬರುವ ಯಾವುದಾದರೂ ಮಾಮೂಲಿ ಕಂಪ್ರೆಸರ್ ಹಾಕುತ್ತೇನೆ.